ಕಲ್ಪನೆಯಲ್ಲೇ ಪ್ರತಿಫಲ ತಪ್ಪಿಸಿ ಅಭ್ಯಾಸವನ್ನು ಸಡಿಲಿಸುವುದು ಹೇಗೆ?

ಒಂದು ವರ್ತನೆ ವರ್ಷಗಟ್ಟಲೆ ಉಳಿದುಕೊಂಡಿದೆ ಎಂದರೆ ಅದಕ್ಕೆ ಎಲ್ಲಿಂದಲೋ ಪ್ರತಿಫಲ ಸಿಗುತ್ತಿದೆ ಎಂದೇ ವರ್ತನಾ ಚಿಕಿತ್ಸಕರು ಲೆಕ್ಕ ಹಾಕುತ್ತಾರೆ. ಆ ಪ್ರತಿಫಲ ದೊಡ್ಡದಾಗಿರಬೇಕೆಂದಿಲ್ಲ; ನಾಲಿಗೆಗೆ ಒಂದಿಷ್ಟು ರುಚಿ, ಎದುರಿನವರ ಒಂದು ನಗು, ‘ಅಯ್ಯೋ ಪಾಪ’ ಎಂಬ ಒಂದು ಮಾತು ಸಾಕು. ಪ್ರತಿಫಲ ಬರುವುದು ನಿಂತರೆ ವರ್ತನೆ ಕ್ರಮೇಣ ಸೊರಗುತ್ತದೆ, ಮತ್ತು ಈ ಸೊರಗುವಿಕೆಯನ್ನು ಮನಃಶಾಸ್ತ್ರದಲ್ಲಿ ವಿಲೋಪನ ಎನ್ನುತ್ತಾರೆ. ಆದರೆ ನಿತ್ಯದ ಬದುಕಿನಲ್ಲಿ ಪ್ರತಿಫಲವನ್ನು ನಿಲ್ಲಿಸುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿರುವುದಿಲ್ಲ. ಖಾರದ ಮಿಕ್ಸ್ಚರ್ ತಿಂದರೂ ರುಚಿಸದಂತೆ ಮಾಡಲು ಬರುವುದಿಲ್ಲ. ನನ್ನ ಕೊಂಕುಮಾತಿಗೆ ಯಾರೂ ನಗಕೂಡದು ಎಂದು ಕಚೇರಿಯಲ್ಲಿ ಸುತ್ತೋಲೆ ಹೊರಡಿಸಲೂ ಬರುವುದಿಲ್ಲ.

ಈ ತೊಡಕಿಗೆ ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿದ್ದ ಮನಃಶಾಸ್ತ್ರಜ್ಞ ಜೋಸೆಫ್ ಕಾಟೆಲಾ 1971ರಲ್ಲಿ ಒಂದು ದಾರಿಯನ್ನು ವಿವರಿಸಿದರು. ವ್ಯಕ್ತಿ ಆ ವರ್ತನೆಯನ್ನು ಮನಸ್ಸಿನಲ್ಲೇ ಪೂರ್ತಿಯಾಗಿ ಮಾಡಬೇಕು, ಆದರೆ ಎಂದಿನ ಪ್ರತಿಫಲ ಬರಲಿಲ್ಲ ಎಂದು ಕಲ್ಪಿಸಿಕೊಳ್ಳಬೇಕು. ಹೀಗೆ ಮತ್ತೆ ಮತ್ತೆ. ಇದನ್ನು ಕೋವರ್ಟ್ ಎಕ್ಸ್‌ಟಿಂಕ್ಷನ್ ಎಂದು ಕರೆದರು; ಈ ಲೇಖನದಲ್ಲಿ ಅಪ್ರಕಟ ವಿಲೋಪನ ಎನ್ನೋಣ. ಹೊರಗೆ ಕಾಣುವ ವರ್ತನೆಗೂ ಒಳಗೆ ನಡೆಯುವ ಕಲ್ಪನೆಗೂ ಕಲಿಕೆಯ ನಿಯಮಗಳು ಒಂದೇ, ಒಂದರಲ್ಲಿ ಆದ ಬದಲಾವಣೆ ಇನ್ನೊಂದನ್ನು ತಟ್ಟುತ್ತದೆ ಎಂಬುದು ಅವರ ಗ್ರಹಿಕೆಯಾಗಿತ್ತು. ಕಲ್ಪನೆಯನ್ನು ಚಿಕಿತ್ಸೆಗೆ ಬಳಸಿದವರಲ್ಲಿ ಅವರೇ ಮೊದಲಿಗರೇನಲ್ಲ. ಮನೋವೈದ್ಯ ಜೋಸೆಫ್ ವೋಲ್ಪೆ 1958ರ ಹೊತ್ತಿಗೇ, ಭಯ ಹುಟ್ಟಿಸುವ ಸನ್ನಿವೇಶಗಳನ್ನು ಸಡಿಲಗೊಂಡ ಮೈಯಲ್ಲಿ ಹಂತಹಂತವಾಗಿ ಕಲ್ಪಿಸಿಕೊಳ್ಳುವ ವಿಧಾನವನ್ನು ಪ್ರಕಟಿಸಿದ್ದರು. ಕಾಟೆಲಾ ಅವರೂ 1971ಕ್ಕೆ ಮೊದಲೇ, ಕೆಟ್ಟ ಚಟದೊಂದಿಗೆ ವಾಕರಿಕೆಯಂಥ ಅಹಿತವನ್ನು ಕಲ್ಪನೆಯಲ್ಲಿ ಜೋಡಿಸುವ ವಿಧಾನವನ್ನೂ, ಒಳ್ಳೆಯ ವರ್ತನೆಗೆ ಕಲ್ಪನೆಯಲ್ಲೇ ಬಹುಮಾನ ಕೊಡುವ ವಿಧಾನವನ್ನೂ ರೂಪಿಸಿದ್ದರು.

ಪುರಾವೆಯ ವಿಷಯದಲ್ಲಿ ಓದುಗರಿಗೆ ನೇರವಾಗಿ ಹೇಳಬೇಕಾದದ್ದಿದೆ. ಅಪ್ರಕಟ ವಿಲೋಪನದ ಬಗ್ಗೆ ನಡೆದ ಅಧ್ಯಯನಗಳು ಹೆಚ್ಚೇನಿಲ್ಲ, ಇರುವವೂ ಸಣ್ಣವು. 1974ರಲ್ಲಿ ಸ್ವೀಡನ್ನಿನ ಗೋಟೆಸ್ಟಾಮ್ ಮತ್ತು ಮೆಲಿನ್ ಎಂಬವರು ಆಂಫೆಟಮಿನ್ ಎಂಬ ಉತ್ತೇಜಕ ಮಾದಕವನ್ನು ಚುಚ್ಚಿಕೊಳ್ಳುತ್ತಿದ್ದ ನಾಲ್ವರು ರೋಗಿಗಳ ಮೇಲೆ ಇದನ್ನು ಬಳಸಿದರು: ಸೂಜಿ ಚುಚ್ಚಿಕೊಂಡರೂ ಅಮಲು ಏರಲಿಲ್ಲ ಎಂದು ಕಲ್ಪಿಸಿಕೊಳ್ಳುವುದೇ ಅಲ್ಲಿನ ಚಿಕಿತ್ಸೆ. ಫಲಿತಾಂಶ ಆಶಾದಾಯಕವಾಗಿತ್ತಾದರೂ ನಾಲ್ವರ ಅನುಭವದಿಂದ ಸಿದ್ಧಾಂತ ಕಟ್ಟಲಾಗದು. ಬಹಳ ಕಾಲದ ಅನಂತರ, 2018ರಲ್ಲಿ, ನರವಿಜ್ಞಾನದ ‘ನ್ಯೂರಾನ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ಈ ಹಳೆಯ ಊಹೆಗೆ ಬೇರೆ ದಿಕ್ಕಿನಿಂದ ಬೆಂಬಲ ಕೊಟ್ಟಿತು. ಒಂದು ಧ್ವನಿ ಕೇಳಿದಾಗ ಸಣ್ಣ ವಿದ್ಯುದಾಘಾತವಾಗುತ್ತದೆ ಎಂದು ಕಲಿತವರಲ್ಲಿ ಒಂದು ಗುಂಪಿಗೆ ಆಘಾತವಿಲ್ಲದೆ ಆ ಧ್ವನಿಯನ್ನು ನಿಜವಾಗಿ ಕೇಳಿಸಿದರು, ಇನ್ನೊಂದು ಗುಂಪಿಗೆ ಅದೇ ಧ್ವನಿಯನ್ನು ಮನಸ್ಸಿನಲ್ಲೇ ಕೇಳಿಕೊಳ್ಳಲು ಹೇಳಿದರು, ಮೂರನೆಯ ಗುಂಪು ಹಕ್ಕಿಯ ದನಿ ಮತ್ತು ಮಳೆಯ ಸದ್ದನ್ನು ಕಲ್ಪಿಸಿಕೊಂಡಿತು. ಮನಸ್ಸಿನಲ್ಲಿ ಕೇಳಿಕೊಂಡವರ ಭಯ ನಿಜವಾಗಿ ಕೇಳಿದವರ ಭಯದಷ್ಟೇ ಇಳಿದಿತ್ತು. ಮಳೆ ಮತ್ತು ಹಕ್ಕಿಯ ಗುಂಪಿನಲ್ಲಿ ಹಾಗಾಗಲಿಲ್ಲ. ಅದು ಭಯದ ಪ್ರಯೋಗ, ಚಪಲದ್ದಲ್ಲ. ಆದ್ದರಿಂದ ಕೆಳಗಿನ ವಿಧಾನವನ್ನು ಸಣ್ಣಪುಟ್ಟ ಅಭ್ಯಾಸಗಳಿಗೆ ಒಂದು ಸಹಾಯಕ ಸಾಧನವೆಂದು ತೆಗೆದುಕೊಳ್ಳಬೇಕೇ ಹೊರತು ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು.

ಯಾರು ಇದನ್ನು ತಾವಾಗಿ ಮಾಡಬಾರದು

ಇದನ್ನು ಕೊನೆಯಲ್ಲಿ ಹೇಳುವುದು ವಾಡಿಕೆ. ಮೊದಲೇ ಹೇಳುವುದು ಸರಿ ಎಂದು ನನ್ನ ಎಣಿಕೆ. ಮದ್ಯ ಅಥವಾ ಮಾದಕ ವಸ್ತುವಿನ ಅವಲಂಬನೆ ಇರುವವರು ಸೇವನೆಯ ದೃಶ್ಯವನ್ನು ಒಂಟಿಯಾಗಿ ಕಲ್ಪಿಸಿಕೊಳ್ಳಹೊರಟರೆ ಹಂಬಲ ಕೆರಳುವ ಅಪಾಯವಿದೆ. ಸ್ವೀಡನ್ನಿನ ಪ್ರಯೋಗ ಚಿಕಿತ್ಸಕರ ಉಸ್ತುವಾರಿಯಲ್ಲಿ ನಡೆದದ್ದು ಎಂಬುದನ್ನು ಮರೆಯಬಾರದು. ಆಹಾರ ಸೇವನೆಯ ಮನೋರೋಗಗಳು, ಗೀಳು ಕಾಯಿಲೆ, ಆಘಾತದ ನೆನಪುಗಳು, ತನಗೆ ತಾನೇ ಗಾಯ ಮಾಡಿಕೊಳ್ಳುವ ಪ್ರವೃತ್ತಿ, ತೀವ್ರ ಖಿನ್ನತೆ ಇರುವವರಿಗೂ ಈ ಮಾತು ಅನ್ವಯಿಸುತ್ತದೆ. ಅಂಥವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಅಥವಾ ಮನೋವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗೆ ಹೋಗಲಾಗದವರಿಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮೊದಲ ಹೆಜ್ಜೆ: ಒಂದೇ ಒಂದು ವರ್ತನೆಯನ್ನು ಆರಿಸಿಕೊಳ್ಳುವುದು

‘ನಾನು ಬಾಯಿಚಪಲದವನು’ ಎಂಬುದು ವರ್ತನೆಯಲ್ಲ, ತೀರ್ಪು. ‘ರಾತ್ರಿ ಊಟವಾದ ಮೇಲೆ ಟಿವಿ ನೋಡುತ್ತ ಎರಡು ಮೂರು ಸಲ ಎದ್ದುಹೋಗಿ ಮಿಕ್ಸ್ಚರ್ ತಿನ್ನುತ್ತೇನೆ’ ಎಂಬುದು ವರ್ತನೆ. ಎಲ್ಲಿ, ಯಾವಾಗ, ಯಾರ ಮುಂದೆ, ಕೈ ಮತ್ತು ಬಾಯಿ ಏನು ಮಾಡುತ್ತವೆ ಎಂದು ಹೇಳಲು ಬರುವಷ್ಟು ಅದು ಖಚಿತವಾಗಿರಬೇಕು. ಅದರ ಪಟ್ಟು ನಿತ್ಯಜೀವನವನ್ನು ಕೆಡಿಸುವಷ್ಟು ಬಿಗಿಯಾಗಿರಬಾರದು; ಕಿರಿಕಿರಿ ಮಾಡುವಂಥದ್ದಾದರೆ ಸಾಕು. ಎರಡು ಮೂರು ಅಭ್ಯಾಸಗಳನ್ನು ಒಟ್ಟಿಗೆ ಹಿಡಿಯುವವರು ಸಾಮಾನ್ಯವಾಗಿ ಎಲ್ಲವನ್ನೂ ಬಿಟ್ಟುಬಿಡುತ್ತಾರೆ.

ಎರಡನೆಯ ಹೆಜ್ಜೆ: ನಿಜವಾದ ಪ್ರತಿಫಲವನ್ನು ಪತ್ತೆ ಹಚ್ಚುವುದು

ಇಡೀ ವಿಧಾನ ನಿಂತಿರುವುದು ಈ ಹೆಜ್ಜೆಯ ಮೇಲೆ, ಮತ್ತು ಜನ ಬೇಗ ದಾಟಿಬಿಡುವುದೂ ಇದನ್ನೇ. ಒಂದು ವಾರದ ಮಟ್ಟಿಗೆ ಸಣ್ಣ ಪುಸ್ತಕವೊಂದನ್ನು ಇಟ್ಟುಕೊಂಡು, ವರ್ತನೆ ನಡೆದಾಗಲೆಲ್ಲ ಮೂರು ಸಂಗತಿಗಳನ್ನು ಬರೆಯಬೇಕು: ಅದಕ್ಕೆ ತುಸು ಮುಂಚೆ ಏನಾಗುತ್ತಿತ್ತು, ಏನು ಮಾಡಿದೆ, ಅದಾದ ಮೊದಲ ಕೆಲವು ಕ್ಷಣಗಳಲ್ಲಿ ಏನು ಸಿಕ್ಕಿತು. ‘ಕೆಲವು ಕ್ಷಣಗಳಲ್ಲಿ’ ಎಂಬುದನ್ನು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ವರ್ತನೆಯನ್ನು ಗಟ್ಟಿ ಮಾಡುವುದು ತಕ್ಷಣ ಸಿಕ್ಕ ಫಲ. ಮರುದಿನದ ಹೊಟ್ಟೆಯುಬ್ಬರ ಅಥವಾ ಪಶ್ಚಾತ್ತಾಪಕ್ಕೆ ಅಷ್ಟು ದೂರದಿಂದ ಅದನ್ನು ತಡೆಯುವ ಬಲ ಇರುವುದಿಲ್ಲ.

ಬರೆದದ್ದನ್ನು ಓದಿ ನೋಡಿದಾಗ ಎಷ್ಟೋ ಸಲ ನಾವು ತಿಳಿದಿದ್ದಕ್ಕಿಂತ ಬೇರೆಯೇ ಕಾಣುತ್ತದೆ. ಮಿಕ್ಸ್ಚರ್‌ಗೆ ಕೈ ಹಾಕುವವನಿಗೆ ಸಿಗುತ್ತಿರುವುದು ರುಚಿಯೋ, ಬೇಸರದ ಧಾರಾವಾಹಿಯಿಂದ ಎದ್ದುಹೋಗುವ ನೆಪವೋ, ಅಡುಗೆಮನೆಯಲ್ಲಿರುವ ಹೆಂಡತಿಯೊಡನೆ ನಾಲ್ಕು ಮಾತಾಡುವ ಅವಕಾಶವೋ? ತಲೆನೋವಿನ ಬಗ್ಗೆ ದಿನವೂ ದೂರುವ ಮನೆಯ ಹಿರಿಯರಿಗೆ ಬೇಕಿರುವುದು ಮಾತ್ರೆಯೋ, ಮಗ ಪಕ್ಕದಲ್ಲಿ ಕೂರುವ ಐದು ನಿಮಿಷವೋ? ಪ್ರತಿಫಲವನ್ನು ತಪ್ಪಾಗಿ ಗುರುತಿಸಿದರೆ ಕಲ್ಪನೆಯಲ್ಲಿ ತಪ್ಪಿಸುವುದೂ ತಪ್ಪಾದದ್ದನ್ನೇ, ಆಗ ತಿಂಗಳು ಕಳೆದರೂ ಏನೂ ಬದಲಾಗದು.

ಇಲ್ಲಿ ಇನ್ನೊಂದು ವಿಂಗಡಣೆ ಅಗತ್ಯ. ವರ್ತನೆಯಿಂದ ಹಿತವಾದದ್ದೊಂದು ಸಿಗುತ್ತಿದ್ದರೆ, ಅಂದರೆ ರುಚಿ, ಗಮನ, ಹೊಗಳಿಕೆ, ಅನುಕಂಪ, ನಗು ದೊರೆಯುತ್ತಿದ್ದರೆ, ಅಪ್ರಕಟ ವಿಲೋಪನ ಅದಕ್ಕೆ ಹೊಂದುತ್ತದೆ. ಆದರೆ ಬಾಗಿಲಿನ ಚಿಲಕವನ್ನು ಏಳು ಸಲ ನೋಡಿ ಬರುವವರಿಗೆ ಸಿಗುವುದು ಹಿತವಲ್ಲ, ಆತಂಕದಿಂದ ಬಿಡುಗಡೆ. ಅಂಥ ಕಡೆ ‘ನೋಡಿ ಬಂದರೂ ಆತಂಕ ಇಳಿಯಲಿಲ್ಲ’ ಎಂದು ಕಲ್ಪಿಸಿಕೊಳ್ಳುವುದರಿಂದ ಆತಂಕವೇ ಹೆಚ್ಚಬಹುದು. ಅದಕ್ಕೆ ಬೇರೆಯದೇ ಆದ, ಪುರಾವೆಯಲ್ಲೂ ಗಟ್ಟಿಯಾದ ಚಿಕಿತ್ಸೆಯಿದೆ: ಆತಂಕದ ಸನ್ನಿವೇಶವನ್ನು ಎದುರಿಸಿ, ಮರುಪರೀಕ್ಷೆಯನ್ನು ತಡೆಹಿಡಿಯುವ ತರಬೇತಿ. ಅದನ್ನು ಪರಿಣತರೊಡನೆಯೇ ಮಾಡಬೇಕು.

ಮೂರನೆಯ ಹೆಜ್ಜೆ: ಕಲ್ಪನೆಯನ್ನು ಹದಗೊಳಿಸುವುದು

ಸದ್ದಿಲ್ಲದ ಕೋಣೆಯಲ್ಲಿ ಬೆನ್ನಿಗೆ ಆಸರೆ ಸಿಗುವಂತೆ ಕುಳಿತು, ಕಣ್ಣು ಮುಚ್ಚಿ, ಮೊದಲು ಯಾವ ಚಪಲಕ್ಕೂ ಸಂಬಂಧಿಸದ ದೃಶ್ಯವೊಂದನ್ನು ತಂದುಕೊಳ್ಳಬೇಕು. ಕಿತ್ತಳೆ ಹಣ್ಣು ಸುಲಿಯುವುದನ್ನೇ ತೆಗೆದುಕೊಳ್ಳಿ: ಉಗುರು ಸಿಪ್ಪೆಗೆ ಇಳಿಯುವುದು, ಮೂಗಿಗೆ ಅಡರುವ ಘಾಟು, ಬೆರಳಿನ ಅಂಟು. ನಿಮ್ಮನ್ನು ನೀವು ದೂರದಿಂದ ನೋಡುತ್ತಿರುವಂತೆ ಕಂಡರೆ ಅದು ಸಾಲದು. ನಿಮ್ಮ ಕಣ್ಣಿನಿಂದಲೇ ನಿಮ್ಮ ಕೈ ಕಾಣಬೇಕು. ದೃಶ್ಯ ಎಷ್ಟು ಸ್ಪಷ್ಟವಾಗಿತ್ತು ಎಂದು ಸೊನ್ನೆಯಿಂದ 10ರವರೆಗೆ ಅಂಕ ಕೊಟ್ಟುಕೊಳ್ಳಿ, ಆರು ಏಳು ಬರುವವರೆಗೆ ಒಂದೆರಡು ದಿನ ಇದನ್ನೇ ಅಭ್ಯಾಸ ಮಾಡಿ.

ಕೆಲವರಿಗೆ ಮನಸ್ಸಿನಲ್ಲಿ ಚಿತ್ರವೇ ಮೂಡುವುದಿಲ್ಲ. ನರವಿಜ್ಞಾನಿ ಆ್ಯಡಂ ಜೆಮನ್ 2015ರಲ್ಲಿ ಈ ಸ್ಥಿತಿಗೆ ಅಫ್ಯಾಂಟೇಸಿಯಾ ಎಂಬ ಹೆಸರು ಕೊಟ್ಟರು, ಇದು ಕಾಯಿಲೆಯಲ್ಲ. ಅಂಥವರು ಸದ್ದು, ಸ್ಪರ್ಶ, ಮೈಯ ಚಲನೆಯ ಅರಿವನ್ನು ನೆಚ್ಚಿ ಪ್ರಯತ್ನಿಸಬಹುದು. ಅದೂ ಒದಗದಿದ್ದರೆ ಈ ವಿಧಾನವನ್ನೇ ಬಿಟ್ಟು ಬೇರೆಯದನ್ನು ಹುಡುಕುವುದು ಲೇಸು.

ನಾಲ್ಕನೆಯ ಹೆಜ್ಜೆ: ದೃಶ್ಯವನ್ನು ಬರೆಯುವುದು

ದೃಶ್ಯವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುವುದಕ್ಕಿಂತ ಹಾಳೆಯ ಮೇಲೆ ಬರೆದಿಡುವುದು ಒಳ್ಳೆಯದು. ಇಲ್ಲವಾದರೆ ಪ್ರತಿಸಲವೂ ಅದು ತನಗೆ ಬೇಕಾದ ಕಡೆ ಹರಿಯುತ್ತದೆ. ವಾಕ್ಯಗಳು ವರ್ತಮಾನ ಕಾಲದಲ್ಲಿ, ‘ನಾನು’ ಎಂಬ ಕರ್ತೃವಿನಲ್ಲಿ, ಒಂದು ನಿಮಿಷದಲ್ಲಿ ಓದಿ ಮುಗಿಸುವಷ್ಟು ಇರಲಿ. ರಾತ್ರಿಯ ಮಿಕ್ಸ್ಚರ್‌ನ ಉದಾಹರಣೆಯಲ್ಲಿ, ಟಿಪ್ಪಣಿಗಳಿಂದ ಪ್ರತಿಫಲ ರುಚಿಯೇ ಎಂದು ಖಚಿತವಾಗಿದ್ದರೆ, ದೃಶ್ಯ ಹೀಗಿರಬಹುದು:

“ಊಟವಾಗಿ ಒಂದು ಗಂಟೆಯಾಗಿದೆ. ಟಿವಿಯ ಮುಂದಿನಿಂದ ಎದ್ದು ಅಡುಗೆಮನೆಗೆ ಹೋಗುತ್ತಿದ್ದೇನೆ. ಪಾದಕ್ಕೆ ನೆಲ ತಣ್ಣಗೆ ತಾಗುತ್ತಿದೆ. ಮೇಲಿನ ಶೆಲ್ಫಿನಿಂದ ಸ್ಟೀಲಿನ ಡಬ್ಬಿ ಇಳಿಸುತ್ತೇನೆ; ಮುಚ್ಚಳ ಬಿಗಿಯಾಗಿದೆ, ತೆಗೆದಾಗ ಸದ್ದಾಗುತ್ತದೆ. ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಹಲ್ಲಿಗೆ ಸಿಗುತ್ತಿದೆ, ಅಗಿಯುತ್ತಿದ್ದೇನೆ, ಆದರೆ ರುಚಿಯೇ ಇಲ್ಲ. ಉಪ್ಪಿಲ್ಲ, ಖಾರವಿಲ್ಲ, ಕರಿಬೇವಿನ ಘಮವಿಲ್ಲ. ಇನ್ನೊಂದು ಹಿಡಿ ಹಾಕಿಕೊಳ್ಳುತ್ತೇನೆ, ಅದೂ ಹಾಗೆಯೇ. ಕಡಲೆಬೀಜವನ್ನು ಮಾತ್ರ ಆರಿಸಿ ಅಗಿಯುತ್ತೇನೆ, ಏನೂ ತಿಳಿಯುವುದಿಲ್ಲ. ನುಂಗುತ್ತೇನೆ. ತಿಂದ ತೃಪ್ತಿಯೂ ಇಲ್ಲ, ಅಸಹ್ಯವೂ ಇಲ್ಲ. ಡಬ್ಬಿ ಮುಚ್ಚಿಟ್ಟು ಬಂದು ಕೂರುತ್ತೇನೆ.”

ಇದರಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಒಂದನೆಯದಾಗಿ, ವರ್ತನೆ ಪೂರ್ತಿ ನಡೆಯುತ್ತದೆ. ಡಬ್ಬಿಯನ್ನು ಮುಟ್ಟುವಾಗಲೇ ಕೈ ಹಿಂದೆಗೆದುಕೊಂಡೆ ಎಂದು ಕಲ್ಪಿಸಿಕೊಂಡರೆ ಅದು ಸಂಯಮದ ಅಭ್ಯಾಸವಾಗುತ್ತದೆ, ವಿಲೋಪನವಾಗುವುದಿಲ್ಲ. ಪ್ರತಿಫಲ ಬರಬೇಕಾದ ಜಾಗದಲ್ಲಿ ಅದು ಬರಲಿಲ್ಲ ಎಂಬ ಅನುಭವ ಮನಸ್ಸಿಗೆ ಆಗುವುದು ವರ್ತನೆ ಮುಗಿದಾಗ ಮಾತ್ರ. ಎರಡನೆಯದಾಗಿ, ಕೆಟ್ಟದ್ದೇನೂ ಆಗುವುದಿಲ್ಲ. ಮಿಕ್ಸ್ಚರ್‌ನಲ್ಲಿ ಹುಳ ಸಿಕ್ಕಿತು, ಹೊಟ್ಟೆ ತೊಳಸಿತು ಎಂದು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಅದು ಕಾಟೆಲಾ ಅವರ ಮತ್ತೊಂದು ವಿಧಾನ. ಎರಡನ್ನೂ ಬೆರೆಸಿದರೆ ಯಾವುದು ಕೆಲಸ ಮಾಡುತ್ತಿದೆ ಎಂದು ತಿಳಿಯುವುದಿಲ್ಲ, ಜೊತೆಗೆ ಊಟದ ಬಗ್ಗೆಯೇ ಅಸಹ್ಯ ಹುಟ್ಟಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ಮೂರನೆಯದಾಗಿ, ಪ್ರತಿಫಲದ ಕೊರತೆಯನ್ನು ಬಿಡಿಬಿಡಿಯಾಗಿ ಹೇಳಲಾಗಿದೆ. ‘ರುಚಿಸಲಿಲ್ಲ’ ಎಂಬ ಒಂದೇ ಮಾತು ಮನಸ್ಸಿಗೆ ಹತ್ತುವುದಿಲ್ಲ. ಉಪ್ಪು, ಖಾರ, ಘಮ ಒಂದೊಂದಾಗಿ ಕಾಣೆಯಾಗಬೇಕು.

ಸಾಮಾಜಿಕ ಪ್ರತಿಫಲದ ದೃಶ್ಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸಭೆಯಲ್ಲಿ ಬೇರೆಯವರು ಮಾತಾಡುವಾಗ ಪಕ್ಕದವರಿಗೆ ಕೇಳುವಂತೆ ಕೊಂಕು ನುಡಿದು ನಗಿಸುವ ಅಭ್ಯಾಸವಿರುವವರು, ‘ನಾನು ಕೊಂಕು ನುಡಿದೆ, ಎಲ್ಲರೂ ನನ್ನನ್ನು ದುರುಗುಟ್ಟಿ ನೋಡಿದರು’ ಎಂದು ಬರೆಯಬಾರದು. ಗಮನಕ್ಕಾಗಿ ಹಸಿದವರಿಗೆ ಸಿಟ್ಟಿನ ನೋಟವೂ ಗಮನವೇ. ತರಲೆ ಮಾಡುವ ಮಗುವಿಗೆ ಬೈಗುಳ ಬಹುಮಾನವಾಗುವುದು ಇದೇ ಕಾರಣದಿಂದ. ಅವರ ದೃಶ್ಯದಲ್ಲಿ ಪಕ್ಕದವರು ಬರೆಯುತ್ತಲೇ ಇರಬೇಕು, ಎದುರಿನವರು ನೀರಿನ ಬಾಟಲಿಯನ್ನು ಮುಚ್ಚುತ್ತಿರಬೇಕು, ಮಾತನಾಡುತ್ತಿದ್ದವರು ಮುಂದಿನ ವಾಕ್ಯಕ್ಕೆ ಹೋಗಬೇಕು, ಒಬ್ಬರ ತಲೆಯೂ ಇತ್ತ ತಿರುಗಬಾರದು.

ಐದನೆಯ ಹೆಜ್ಜೆ: ಆವರ್ತನೆ

ಈ ಪದ್ಧತಿಯ ಚಿಕಿತ್ಸಕರು ಸಾಮಾನ್ಯವಾಗಿ ಒಂದು ಭೇಟಿಯಲ್ಲಿ ಸುಮಾರು 20 ಆವರ್ತನೆ ಮಾಡಿಸುತ್ತಿದ್ದರು; ಅರ್ಧದಷ್ಟನ್ನು ತಾವು ವಿವರಿಸುತ್ತ, ಉಳಿದದ್ದನ್ನು ವ್ಯಕ್ತಿಯೇ ಕಲ್ಪಿಸಿಕೊಳ್ಳಲು ಬಿಡುತ್ತ. ಮನೆಯಲ್ಲಿ ಮಾಡುವವರು ದೃಶ್ಯವನ್ನು ತಮ್ಮ ದನಿಯಲ್ಲೇ ಮೊಬೈಲಿನಲ್ಲಿ ನಿಧಾನವಾಗಿ ಧ್ವನಿಮುದ್ರಿಸಿಕೊಂಡು ಐದು ಸಲ ಕೇಳುತ್ತ, ಆಮೇಲೆ ಐದು ಸಲ ಧ್ವನಿಯಿಲ್ಲದೆ ಮಾಡಬಹುದು. ಪ್ರತಿ ಆವರ್ತನೆಯ ನಡುವೆ ಅರ್ಧ ನಿಮಿಷ ಕಣ್ಣು ತೆರೆದು ಸುಮ್ಮನಿರಬೇಕು. ಒಂದರ ಹಿಂದೊಂದು ಓಡಿಸಿದರೆ ಅದು ಪಾರಾಯಣವಾಗುತ್ತದೆ, ಬಾಯಿ ನಡೆಯುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಕಲ್ಪನೆಯ ನಡುವೆ ಹಳೆಯ ರುಚಿ ನುಸುಳಿಬಿಟ್ಟರೆ ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ಆರಂಭಿಸಬೇಕು, ಏಕೆಂದರೆ ರುಚಿಯ ಸಮೇತ ಮುಗಿಸಿದ ದೃಶ್ಯ ಅಭ್ಯಾಸಕ್ಕೆ ಮತ್ತೊಂದು ಬಹುಮಾನ ಕೊಟ್ಟಂತೆಯೇ ಸರಿ.

ಮೂರು ನಾಲ್ಕು ದಿನ ಒಂದೇ ದೃಶ್ಯವಿದ್ದು, ಅನಂತರ ಸ್ಥಳ ಮತ್ತು ಸನ್ನಿವೇಶ ಬದಲಾಗಬೇಕು: ನೆಂಟರ ಮನೆಯ ತಟ್ಟೆ, ರೈಲಿನಲ್ಲಿ ಕೊಂಡ ಪೊಟ್ಟಣ, ಕಚೇರಿಯ ಸಂಜೆಯ ಚಹಾ. ವಿಲೋಪನದಿಂದ ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ. ‘ಇಲ್ಲಿ, ಈಗ, ಪ್ರತಿಫಲವಿಲ್ಲ’ ಎಂಬ ಹೊಸ ಕಲಿಕೆಯೊಂದು ಅದರ ಮೇಲೆ ಕೂರುತ್ತದೆ. ಆ ‘ಇಲ್ಲಿ’ ಎಂಬುದು ಬಹಳ ಬಿಗಿಯಾಗಿ ಅಂಟಿಕೊಂಡಿರುತ್ತದೆ ಎಂದು ಮನಃಶಾಸ್ತ್ರಜ್ಞ ಮಾರ್ಕ್ ಬೌಟನ್ ಮೊದಲಾದವರು ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗಗಳು ತೋರಿಸಿವೆ: ಒಂದು ಪಂಜರದಲ್ಲಿ ಸೊರಗಿದ ವರ್ತನೆ ಬೇರೆ ಪಂಜರಕ್ಕೆ ಹೋದಾಗ ಮರಳಿ ತಲೆಯೆತ್ತುತ್ತದೆ. ಒಂದೇ ಅಡುಗೆಮನೆಯನ್ನು ಕಲ್ಪಿಸಿಕೊಂಡವರು ಅತ್ತೆಯ ಮನೆಯಲ್ಲಿ ಎಡವುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಆರನೆಯ ಹೆಜ್ಜೆ: ಹೊರಗಿನ ಪ್ರತಿಫಲವನ್ನು ಸಾಧ್ಯವಾದಷ್ಟು ತಗ್ಗಿಸುವುದು

ಈ ವಿಧಾನದ ಅತಿ ದೊಡ್ಡ ಇಕ್ಕಟ್ಟು ಇಲ್ಲಿದೆ, ಮತ್ತು ಇದನ್ನು ಮುಚ್ಚಿಡುವವರ ಮಾತನ್ನು ನಂಬಬಾರದು. ಕಲ್ಪನೆಯಲ್ಲಿ ಹತ್ತು ಸಲ ರುಚಿಯಿಲ್ಲದ ಮಿಕ್ಸ್ಚರ್ ತಿಂದು, ರಾತ್ರಿ ನಿಜವಾದ ಡಬ್ಬಿಗೆ ಕೈ ಹಾಕಿದರೆ ನಿಜವಾದ ರುಚಿ ಸಿಕ್ಕೇ ಸಿಗುತ್ತದೆ. ಅದು ಬರಿಯ ಹಿನ್ನಡೆಯಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕೆಲವೊಮ್ಮೆ ಸಿಕ್ಕು ಕೆಲವೊಮ್ಮೆ ಸಿಗದ ಪ್ರತಿಫಲವು, ಪ್ರತಿಸಲ ಸಿಗುವ ಪ್ರತಿಫಲಕ್ಕಿಂತ ವರ್ತನೆಯನ್ನು ಹೆಚ್ಚು ಹಟಮಾರಿಯಾಗಿಸುತ್ತದೆ. ಜೂಜಿನ ಯಂತ್ರದ ಮುಂದೆ ಜನ ಅಂಟಿಕೊಂಡು ಕೂರುವುದು ಈ ಕಾರಣಕ್ಕೇ. ಆದ್ದರಿಂದ ಅಭ್ಯಾಸ ನಡೆಯುವ ವಾರಗಳಲ್ಲಾದರೂ ಡಬ್ಬಿಯನ್ನು ಮನೆಯಲ್ಲಿ ಇಡದಿರುವುದು, ನಗುವ ಗೆಳೆಯನ ಪಕ್ಕ ಸಭೆಯಲ್ಲಿ ಕೂರದಿರುವುದು, ದೂರು ಕೇಳಿ ಮರುಗುವ ಮನೆಯವರಿಗೆ ವಿಷಯ ತಿಳಿಸಿ ಒಪ್ಪಿಸುವುದು ಆಗಬೇಕು. ಕಲ್ಪನೆ ಹೊರಗಿನ ಕೆಲಸಕ್ಕೆ ಪೂರಕ, ಅದರ ಬದಲಿಯಲ್ಲ ಎಂಬುದು ನನ್ನ ನಿಲುವು.

ಮನೆಯವರನ್ನು ಒಪ್ಪಿಸುವಾಗ, ವ್ಯಕ್ತಿಯನ್ನೇ ಕಡೆಗಣಿಸುವುದಕ್ಕೂ ವರ್ತನೆಗೆ ಪ್ರತಿಫಲ ಕೊಡದಿರುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕು. ಮೊದಲೇ ಹೇಳಿದ ಹಿರಿಯರ ತಲೆನೋವಿನ ದೂರಿಗೆ ಸುಮ್ಮನಿರುವ ಮಗ, ದೂರಿಲ್ಲದ ಹೊತ್ತಿನಲ್ಲಿ ಅವರ ಪಕ್ಕ ಕೂರದಿದ್ದರೆ ಅದು ಚಿಕಿತ್ಸೆಯಲ್ಲ, ಕ್ರೌರ್ಯ. ದೂರಿನ ಹಿಂದೆ ನಿಜವಾದ ಕಾಯಿಲೆ ಇಲ್ಲವೆಂದು ವೈದ್ಯರಿಂದ ತಿಳಿಯುವುದಂತೂ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.

ಏಳನೆಯ ಹೆಜ್ಜೆ: ಖಾಲಿಯಾದ ಜಾಗವನ್ನು ತುಂಬುವುದು

ಒಂದು ವರ್ತನೆಯಿಂದ ಪ್ರತಿಫಲವನ್ನು ಕಿತ್ತುಕೊಂಡು ಬೇರೆ ಯಾವುದಕ್ಕೂ ಕೊಡದಿದ್ದರೆ, ಮನಸ್ಸು ಹಳೆಯದಕ್ಕೇ ಮರಳುತ್ತದೆ ಅಥವಾ ಅದಕ್ಕಿಂತ ಕೆಟ್ಟದ್ದನ್ನು ಹಿಡಿಯುತ್ತದೆ. ಹೀಗಾಗಿ ದಿನದ ಹತ್ತು ಆವರ್ತನೆಗಳಾದ ಮೇಲೆ ಪರ್ಯಾಯ ವರ್ತನೆಯ ಮೂರು ನಾಲ್ಕು ದೃಶ್ಯಗಳನ್ನು ಸೇರಿಸಬೇಕು: ಟಿವಿ ಆರಿಸಿ ಮಹಡಿಯ ಮೇಲೆ ಹೋಗುತ್ತೇನೆ, ಗಾಳಿ ತಂಪಾಗಿದೆ, ಮೈ ಹಗುರವಾಗುತ್ತದೆ; ಅಥವಾ ಸಭೆಯಲ್ಲಿ ಕೊಂಕಿನ ಬದಲು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತೇನೆ, ಎಲ್ಲರೂ ಇತ್ತ ತಿರುಗುತ್ತಾರೆ. ಇಲ್ಲಿ ಪ್ರತಿಫಲವನ್ನು ಧಾರಾಳವಾಗಿ ಕೊಡಬಹುದು.

ಎಂಟನೆಯ ಹೆಜ್ಜೆ: ಏರಿಳಿತಕ್ಕೆ ಸಿದ್ಧರಾಗಿರುವುದು

ಆವರ್ತನೆ ಆರಂಭಿಸಿದ ಮೊದಲ ವಾರದಲ್ಲಿ ವರ್ತನೆ ಹೆಚ್ಚಿದರೆ ಗಾಬರಿಯಾಗಬೇಕಿಲ್ಲ. ಒತ್ತಿದರೂ ಲಿಫ್ಟ್ ಬಾರದಿದ್ದಾಗ ನಾವು ಗುಂಡಿಯನ್ನು ಇನ್ನೂ ಜೋರಾಗಿ, ಇನ್ನೂ ಹೆಚ್ಚು ಸಲ ಒತ್ತುತ್ತೇವೆ. ಪ್ರತಿಫಲ ನಿಂತಾಗ ವರ್ತನೆ ತಾತ್ಕಾಲಿಕವಾಗಿ ಉಲ್ಬಣಿಸುವುದು ವಿಲೋಪನದ ಸಹಜ ಲಕ್ಷಣ. ಹಲವರು ಈ ಹಂತದಲ್ಲೇ ‘ಇದು ನನಗೆ ಆಗಿಬರದು’ ಎಂದು ಬಿಟ್ಟುಬಿಡುತ್ತಾರೆ, ಮತ್ತು ಹಾಗೆ ಬಿಟ್ಟಾಗ ಉಲ್ಬಣಿಸಿದ ವರ್ತನೆಗೇ ಪ್ರತಿಫಲ ಸಿಕ್ಕಂತಾಗುತ್ತದೆ. ಎರಡನೆಯ ವಾರದ ಹೊತ್ತಿಗೂ ಏರುತ್ತಲೇ ಇದ್ದರೆ ಮಾತ್ರ ನಿಲ್ಲಿಸಿ ಎರಡನೆಯ ಹೆಜ್ಜೆಗೆ ಮರಳಿ, ಪ್ರತಿಫಲವನ್ನು ಸರಿಯಾಗಿ ಗುರುತಿಸಿದ್ದೆವೋ ಎಂದು ಪರಿಶೀಲಿಸಬೇಕು.

ಎಣಿಕೆಯನ್ನು ಎರಡನೆಯ ಹೆಜ್ಜೆಯಲ್ಲಿ ಟಿಪ್ಪಣಿ ಬರೆದ ಪುಸ್ತಕದಲ್ಲೇ ಮುಂದುವರಿಸಿ: ದಿನಕ್ಕೆ ಎಷ್ಟು ಸಲ ಆಯಿತು, ಎಷ್ಟು ಸಲ ಆಸೆ ಬಂದು ಹೋಯಿತು. ನಾಲ್ಕು ವಾರಗಳಾದ ಮೇಲೆ ಆ ಟಿಪ್ಪಣಿಯ ವಾರದ ಎಣಿಕೆಯ ಪಕ್ಕದಲ್ಲಿಟ್ಟು ನೋಡಿದಾಗ ಇಳಿಕೆ ಕಾಣದಿದ್ದರೆ ಈ ವಿಧಾನ ನಿಮಗೆ ಒಗ್ಗುತ್ತಿಲ್ಲ ಎಂದು ತಿಳಿದು ಪರಿಣತರ ಸಲಹೆ ಪಡೆಯಿರಿ. ಇದೇ ದೃಶ್ಯವನ್ನು ಇನ್ನೂ ಆರು ತಿಂಗಳು ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ಇಳಿಕೆ ಕಂಡವರು ಆವರ್ತನೆಗಳನ್ನು ಒಮ್ಮೆಲೇ ನಿಲ್ಲಿಸದೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ಎಂದು ವಿರಳಗೊಳಿಸಬೇಕು. ನಂದಿಹೋದಂತೆ ಕಂಡ ಪ್ರತಿಕ್ರಿಯೆ ಕೆಲಕಾಲದ ವಿರಾಮದ ಅನಂತರ ತಾನಾಗಿ ಮರಳುವುದನ್ನು ರಷ್ಯದ ವಿಜ್ಞಾನಿ ಪಾವ್ಲೋವ್ ತಮ್ಮ ಪ್ರಯೋಗದ ನಾಯಿಗಳಲ್ಲೇ ಕಂಡಿದ್ದರು. ಹಾಗೆ ಮರಳಿದ್ದು ಸಾಮಾನ್ಯವಾಗಿ ಮೊದಲಿಗಿಂತ ದುರ್ಬಲವಾಗಿರುತ್ತದೆ, ಬೇಗ ಇಳಿಯುತ್ತದೆ. ಅಂಥ ದಿನ ಬಂದಾಗ ಹಾಳೆಯನ್ನು ಮತ್ತೆ ತೆಗೆದು ಎರಡು ಮೂರು ದಿನ ಹತ್ತು ಹತ್ತು ಆವರ್ತನೆ ಮಾಡಿ, ಆ ಸಲ ವರ್ತನೆ ಎಲ್ಲಿ ಮರುಕಳಿಸಿತೋ ಆ ಸ್ಥಳವನ್ನೇ ಹೊಸ ದೃಶ್ಯವಾಗಿ ಬರೆದು ಸೇರಿಸಿಕೊಳ್ಳಬೇಕು.